17 ರಾತ್ರಿಯ ಹಡಗಿನ ವಾಸಕ್ಕೆ ಗಂಟುಮೂಟೆ

ನಮ್ಮ ಮದುವೆಯಾಗಿ 45 ವರ್ಷ ತುಂಬಿದಾಗ ಕ್ಯಾಲಿಫೋರ್ನಿಯಾದಲ್ಲಿರುವ ಮಗ ಮತ್ತು ಸೊಸೆ ನಮ್ಮಿಬ್ಬರನ್ನು ಒಂದು ಜನವರಿಯಲ್ಲಿ ಹಡಗು ಹತ್ತಿಸಿದರು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟು ಕೊಲಂಬಿಯಾದ ಕಾರ್ತಹೇನಾ, ಪನಾಮಾ ಕಾಲುವೆ, ಕೋಸ್ಟರೀಕಾ, ಗ್ವಾಟೆಮಾಲಾ, ಮೆಕ್ಸಿಕೊಗಳನ್ನು ಹಾದು ಲಾಸ್ ಏಂಜಲೀಸ್ ಸೇರುವ 17 ರಾತ್ರಿಗಳ ಪ್ರಯಾಣವದು. ಮೈಸೂರಿಗೆ ಮರಳಿದ ಮೇಲೆ, ಇಂಥದೇ ಪ್ರಯಾಣಕ್ಕೆ ಸಿದ್ಧರಾಗುತ್ತಿರುವ ಪರಿಚಿತರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಸೀರೆ ಬೇಕಾಗುತ್ತದೆ? ಸೀರೆಯ ಲೆಕ್ಕ ಆಮೇಲಿರಲಿ, ಒಗೆಯುವುದು ಹೇಗೆ, ಒಣಗಿಸುವುದು ಎಲ್ಲಿ ಎಂಬುದನ್ನು ಮೊದಲು ಯೋಚಿಸಿ ಎಂದು ನಾನು ಹೇಳುತ್ತೇನೆ. ಹೊರಗಿನಿಂದ ಅರಮನೆಯಂತೆ ಕಾಣುವ ಆ ಹಡಗಿನಲ್ಲಿ ನಮ್ಮ ಪಾಲಿಗೆ ಬರುವುದು ಒಂದು ಕೋಣೆ, ಒಂದು ಕಪಾಟು ಮತ್ತು ತಿರುಗಿದರೆ ಮೊಣಕೈ ಗೋಡೆಗೆ ತಾಗುವ ಒಂದು ಬಚ್ಚಲು ಮಾತ್ರ. ಆದ್ದರಿಂದ ಮದುವೆಮನೆಗೆ ಹೊರಟವರಂತೆ ಪೆಟ್ಟಿಗೆ ತುಂಬದೆ, ಸಣ್ಣ ಬಾಡಿಗೆ ಕೋಣೆಯಲ್ಲಿ ಎರಡೂವರೆ ವಾರ ಸಂಸಾರ ಮಾಡುವವರಂತೆ ತುಂಬಬೇಕು.

ಆ ಕೋಣೆಯ ಗೋಡೆಗಳು ಉಕ್ಕಿನವು ಎಂಬುದು ನಮಗೆ ತಿಳಿದದ್ದು ಹಡಗು ಹತ್ತಿದ ಮೇಲೆ. ಅಯಸ್ಕಾಂತದ ಕೊಕ್ಕೆಗಳನ್ನು ಏಳೆಂಟು ಕೊಂಡೊಯ್ದರೆ ಗೋಡೆಯೇ ಗೂಟವಾಗುತ್ತದೆ. ಟೋಪಿ, ಕೈಚೀಲ, ನಾಳೆ ಉಡಬೇಕಾದ ಬಟ್ಟೆ, ಕನ್ನಡಕದ ಚೀಲ, ಎಲ್ಲವನ್ನೂ ಅಲ್ಲಿಯೇ ತೂಗುಹಾಕಬಹುದು. ಪಕ್ಕದ ಕೋಣೆಯ ವೃದ್ಧ ದಂಪತಿಗಳು ಕರುಣೆಯಿಂದ ಎರಡು ಕೊಕ್ಕೆ ಕೊಟ್ಟಿದ್ದರಿಂದ ನಮ್ಮ ಸಂಸಾರ ನಡೆಯಿತು. ಮಂಚ ಎತ್ತರವಾಗಿರುವುದರಿಂದ ಬರಿದಾದ ಪೆಟ್ಟಿಗೆಗಳನ್ನು ಅದರಡಿ ತಳ್ಳಬಹುದು, ಆದರೆ ಮೊದಲ ದಿನವೇ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಬಟ್ಟೆಗಳನ್ನು ಕಪಾಟಿಗೆ ಸೇರಿಸುವುದು ಒಳ್ಳೆಯದು. ಪೆಟ್ಟಿಗೆಯಿಂದಲೇ ಬದುಕುತ್ತೇನೆಂದು ಹೊರಟರೆ ಮೂರನೆಯ ದಿನಕ್ಕೆ ಒಗೆದದ್ದು ಯಾವುದು, ಉಟ್ಟದ್ದು ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಇನ್ನು ಬಚ್ಚಲಿನ ವಿಷಯ. ನಮ್ಮವರು ನಾಚಿಕೆಯಿಂದ ಇದನ್ನು ಯಾರಿಗೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ: ಹಿಡಿಯಿರುವ ಹಗುರವಾದ ಒಂದು ಪ್ಲಾಸ್ಟಿಕ್ ಮಗ್ಗನ್ನು ತಪ್ಪದೆ ಇಟ್ಟುಕೊಳ್ಳಿ. ಅದರೊಳಗೆ ಸಾಬೂನಿನ ಡಬ್ಬಿ, ಹಲ್ಲುಜ್ಜುವ ಬ್ರಷ್ಷುಗಳನ್ನು ತುಂಬಿದರೆ ಪೆಟ್ಟಿಗೆಯಲ್ಲಿ ಜಾಗವೂ ವ್ಯರ್ಥವಾಗುವುದಿಲ್ಲ.

ಈಗ ಬಟ್ಟೆಗೆ ಬರೋಣ. ಈ ದಾರಿಯ ಮೋಸವೇನೆಂದರೆ, ಪ್ರಯಾಣ ಬೆವರಿನಲ್ಲಿ ಆರಂಭವಾಗಿ ಚಳಿಯಲ್ಲಿ ಮುಗಿಯುತ್ತದೆ. ಕಾರ್ತಹೇನಾ ಮತ್ತು ಪನಾಮಾದಲ್ಲಿ ಮಂಗಳೂರಿನ ಸೆಕೆ ನೆನಪಾಗುತ್ತದೆ. ಮೆಕ್ಸಿಕೊದ ಕಾಬೊ ಸಾನ್ ಲೂಕಸ್ ದಾಟಿ ಉತ್ತರಕ್ಕೆ ತಿರುಗಿದೊಡನೆ ಕ್ಯಾಲಿಫೋರ್ನಿಯಾದ ಕಡೆಯಿಂದ ಬರುವ ತಣ್ಣನೆಯ ಸಾಗರ ಪ್ರವಾಹ ಎದುರಾಗಿ, ಮೇಲಟ್ಟದಲ್ಲಿ ನಿಂತವರ ಕಿವಿ ಮರಗಟ್ಟುತ್ತದೆ. ಹೀಗಾಗಿ ತೆಳುವಾದ ಹತ್ತಿ ಬಟ್ಟೆಗಳೇ ಹೆಚ್ಚಿರಲಿ, ಅವುಗಳ ಮೇಲೆ ಒಂದರ ಮೇಲೊಂದು ಹಾಕಿಕೊಳ್ಳಬಹುದಾದ ಒಂದು ಸ್ವೆಟರ್, ಗಾಳಿ ತಡೆಯುವ ಒಂದು ಜಾಕೆಟ್, ಒಂದು ಮಫ್ಲರ್ ಮತ್ತು ಕಾಲುಚೀಲಗಳಿರಲಿ. ದಪ್ಪನೆಯ ಕೋಟನ್ನು ಹೊತ್ತೊಯ್ಯುವ ಅಗತ್ಯವಿಲ್ಲ. ಹಡಗಿನ ಒಳಗಂತೂ ಊಟದ ಮನೆಯಲ್ಲೂ ನಾಟಕಶಾಲೆಯಲ್ಲೂ ಹವಾನಿಯಂತ್ರಣದ ಚಳಿ ಸದಾ ಇರುತ್ತದೆ, ಹಾಗಾಗಿ ಶಾಲು ಸಮಭಾಜಕದ ಹತ್ತಿರವೂ ಕೆಲಸಕ್ಕೆ ಬರುತ್ತದೆ.

ಐದು ದಿನಕ್ಕೆ ಸಾಲುವಷ್ಟು ದಿನಬಳಕೆಯ ಬಟ್ಟೆಯಿದ್ದರೆ 17 ದಿನ ಸಾಗುತ್ತದೆ. ಒಗೆಯಲು ಕೊಟ್ಟರೆ ತುಂಡಿಗಿಷ್ಟು ಎಂದು ಹಣ ತೆಗೆದುಕೊಳ್ಳುತ್ತಾರಾದ್ದರಿಂದ ಒಳಬಟ್ಟೆ, ಕರವಸ್ತ್ರ, ತೆಳುವಾದ ಅಂಗಿಗಳನ್ನು ನಾನು ರಾತ್ರಿ ಮಲಗುವ ಮುನ್ನ ಕೈಬೋಗುಣಿಯಲ್ಲಿಯೇ ಜಾಲಿಸಿಕೊಳ್ಳುತ್ತಿದ್ದೆ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಒಬ್ಬರು ಒಂದು ತುದಿ ಹಿಡಿದು ಇನ್ನೊಬ್ಬರು ತಿರುಚಿದರೆ ನೀರೆಲ್ಲ ಟವೆಲು ಹೀರಿಕೊಳ್ಳುತ್ತದೆ. ಬೆಳಗಾಗುವುದರೊಳಗೆ ಬಟ್ಟೆ ಗರಿಗರಿಯಾಗಿರುತ್ತದೆ. 45 ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಯಜಮಾನರು ಬಟ್ಟೆ ಹಿಂಡಿದ್ದು ಶಾಂತ ಸಾಗರದ ಮೇಲೆ. ಬಚ್ಚಲಿನಲ್ಲಿ ಎಳೆದು ಕಟ್ಟುವ ಸಣ್ಣ ಹಗ್ಗವಿರುತ್ತದೆ, ಆದರೆ ಅಲ್ಲಿ ತೇವ ಹೆಚ್ಚು. ಕೋಣೆಯ ಒಣ ಗಾಳಿಗೆ ಕೊಕ್ಕೆಯಲ್ಲಿ ತೂಗುಹಾಕುವುದೇ ಮೇಲು. ಬಾಲ್ಕನಿಯ ಕಂಬಿಯ ಮೇಲೆ ಮಾತ್ರ ಒಣಹಾಕಬೇಡಿ. ಹಾರಿಹೋಗುತ್ತದೆ ಎಂಬುದೊಂದು, ಹಡಗಿನವರು ಬಂದು ಆಕ್ಷೇಪಿಸುತ್ತಾರೆ ಎಂಬುದು ಇನ್ನೊಂದು.

ಸೀರೆಯ ಪ್ರಶ್ನೆಗೆ ಉತ್ತರ: ನಾಲ್ಕು. ಇಷ್ಟು ದೀರ್ಘ ಪ್ರಯಾಣದಲ್ಲಿ ಎರಡು ಮೂರು ಸಂಜೆ ಎಲ್ಲರೂ ಕೋಟು, ಗೌನುಗಳಲ್ಲಿ ಸಿಂಗರಿಸಿಕೊಂಡು ಊಟಕ್ಕೆ ಬರುವ ಪದ್ಧತಿಯಿದೆ, ಅಂದು ನಮ್ಮ ರೇಷ್ಮೆ ಸೀರೆಗೆ ಸಾಟಿಯಿಲ್ಲ. ಆದರೆ ಅಗಲ ಜರಿಯಂಚಿನ ಭಾರವಾದ ರೇಷ್ಮೆಯನ್ನು ಮನೆಯಲ್ಲಿಯೇ ಬಿಟ್ಟು, ಮಡಿಸಿದರೆ ಅಂಗೈಯಗಲ ಜಾಗದಲ್ಲಿ ಕೂರುವ, ತೂಗುಹಾಕಿದರೆ ಸುಕ್ಕು ತಾನೇ ಇಳಿಯುವ ಮೈಸೂರು ಕ್ರೇಪ್ ಸೀರೆಗಳನ್ನು ಆರಿಸಿಕೊಳ್ಳಿ. ಏಕೆಂದರೆ ಇಸ್ತ್ರಿಪೆಟ್ಟಿಗೆಯನ್ನು ಹಡಗಿನೊಳಕ್ಕೆ ಬಿಡುವುದಿಲ್ಲ. ಒಂದೇ ಬಣ್ಣಕ್ಕೆ ಹೊಂದುವ ಸೀರೆಗಳಾದರೆ ಎರಡು ರವಿಕೆ, ಎರಡು ಒಳಲಂಗದಲ್ಲಿ ನಾಲ್ಕೂ ನಿಭಾಯಿಸುತ್ತವೆ. ಪಿನ್ನುಗಳನ್ನು ಮಾತ್ರ ಎರಡು ಡಜನ್ ಒಯ್ಯಿರಿ. ಮೊದಲ ಸಂಜೆ ಸೂರ್ಯಾಸ್ತ ನೋಡಲೆಂದು ಬಾಗಿಲು ತೆರೆದು ಮೇಲಟ್ಟಕ್ಕೆ ಕಾಲಿಟ್ಟ ಕ್ಷಣ, ಗಾಳಿಗೆ ನನ್ನ ಸೆರಗು ಪೂರ್ತಿ ಬಿಚ್ಚಿಕೊಂಡು ಬಾವುಟದಂತೆ ಹಾರಿ, ಹಿಂದೆ ಬರುತ್ತಿದ್ದ ಒಬ್ಬ ಮಹನೀಯರ ಮುಖಕ್ಕೂ ಅವರ ಕೈಯಲ್ಲಿದ್ದ ಪಾನೀಯಕ್ಕೂ ಸುತ್ತಿಕೊಂಡಿತು. ಅಂದಿನಿಂದ ಭುಜಕ್ಕೊಂದು, ಸೊಂಟಕ್ಕೊಂದು, ನೆರಿಗೆಗೊಂದು ಪಿನ್ನು ಚುಚ್ಚದೆ ನಾನು ಹೊರಗೆ ಬಂದಿಲ್ಲ. ಹಗಲಿನಲ್ಲಿ, ಅದರಲ್ಲೂ ದಡಕ್ಕೆ ಇಳಿಯುವ ದಿನ ಚೂಡಿದಾರವೇ ಕ್ಷೇಮ. ಕಾಬೊದಲ್ಲಿ ದೊಡ್ಡ ಹಡಗು ದಡದ ಕಟ್ಟೆಗೆ ತಾಗಿ ನಿಲ್ಲುವುದಿಲ್ಲ. ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಹೆಜ್ಜೆ ಇಡಬೇಕಾಗುತ್ತದೆ, ಆಗ ಒಂದು ಕೈಯಲ್ಲಿ ನೆರಿಗೆ ಹಿಡಿದು ನಿಲ್ಲಲಾಗದು.

ಎಲ್ಲಕ್ಕಿಂತ ಮುಖ್ಯವಾದದ್ದು ಕೈಚೀಲ. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಒಪ್ಪಿಸಿಬಿಟ್ಟರೆ ಅವು ಕೋಣೆಯ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ. ಕೆಲವೊಮ್ಮೆ ರಾತ್ರಿ ಊಟದ ನಂತರ. ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ ಇವು ಕೈಚೀಲ ಬಿಟ್ಟು ಬೇರೆಲ್ಲೂ ಇರಕೂಡದು. ಔಷಧಿಯನ್ನು ಲೆಕ್ಕಕ್ಕಿಂತ ಹತ್ತು ದಿನದಷ್ಟು ಹೆಚ್ಚು ಇಟ್ಟುಕೊಂಡು, ಕಂಪನಿಯಿಟ್ಟ ಮಾರಾಟದ ಹೆಸರಲ್ಲದೆ ಮೂಲ ಔಷಧದ ಹೆಸರನ್ನೂ ಬರೆಸಿದ ವೈದ್ಯರ ಚೀಟಿಯನ್ನು ಜೊತೆಗಿಡಿ. ಪಶ್ಚಿಮಕ್ಕೆ ಸಾಗುವ ಈ ದಾರಿಯಲ್ಲಿ ಒಟ್ಟು ಮೂರು ಬಾರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ನಿದ್ದೆಗೆ ಇದು ಲಾಭವೇ ಆದರೂ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಹೊತ್ತನ್ನು ಹೇಗೆ ಸರಿಸಿಕೊಳ್ಳಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ಮೊಬೈಲು ಹತ್ತಿರದ ದಡದ ಸಮಯವನ್ನು ಹಿಡಿದು ಗೊಂದಲ ಮಾಡುವುದರಿಂದ ಮುಳ್ಳಿನ ಒಂದು ಕೈಗಡಿಯಾರ ಕಟ್ಟಿಕೊಂಡು ಹಡಗಿನ ಸಮಯವನ್ನೇ ನಂಬಿರಿ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೊಲಂಬಿಯಾ ಮತ್ತು ಪನಾಮಾ, ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೊ ಫೀವರ್) ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶ ಬಿಟ್ಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಕೊಲಂಬಿಯಾದಿಂದ ಬಂದವರ ಬಳಿ ಬೇರೆ ಕೆಲವು ದೇಶದವರೂ ಈ ಪತ್ರ ಕೇಳುವುದುಂಟು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಪತ್ರಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ ಸಾಕು. ಆದರೆ 60 ದಾಟಿದವರಿಗೆ ಈ ಲಸಿಕೆ ಅಪರೂಪವಾಗಿಯಾದರೂ ತೊಂದರೆ ಕೊಡಬಹುದಾದ್ದರಿಂದ ಹಾಕಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ನಿಮ್ಮ ವೈದ್ಯರೇ ತೂಗಿ ಹೇಳಬೇಕು. ಟಿಕೆಟ್ ತೆಗೆಸುವ ಮೊದಲೇ ಈ ಮಾತುಕತೆ ಮುಗಿಯಲಿ. ಅಮೆರಿಕದ ವೀಸಾ ಹಲವು ಪ್ರವೇಶಗಳದ್ದಾಗಿರಬೇಕು ಎಂಬುದನ್ನೂ ಮರೆಯಬೇಡಿ, ಹಡಗು ಅಮೆರಿಕವನ್ನು ಬಿಟ್ಟು ಮತ್ತೆ ಅಲ್ಲಿಗೇ ಬರುತ್ತದೆ. ಹಡಗಿನಲ್ಲಿ ವೈದ್ಯರಿರುತ್ತಾರೆ, ಅವರ ಬಿಲ್ಲು ಮಾತ್ರ ಎದೆ ನಡುಗಿಸುತ್ತದೆ. ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಭರಿಸುವ ಪ್ರವಾಸ ವಿಮೆ ಇಲ್ಲದೆ ನಮ್ಮ ವಯಸ್ಸಿನವರು ಹೊರಡಬಾರದು.

ಅಡುಗೆಮನೆಯಿಂದ ಏನೇನು ಒಯ್ಯಬಹುದೆಂಬ ವಿಷಯದಲ್ಲಿ ನಾನು ಪೂರ್ತಿ ಎಡವಿದೆ. ಬೆಳಗಿನ ಕಾಫಿಗೆಂದು ಮಗನ ಮನೆಯ ಪುಟ್ಟ ಎಲೆಕ್ಟ್ರಿಕ್ ಕೆಟಲ್ಲನ್ನು ಪೆಟ್ಟಿಗೆಯ ತಳದಲ್ಲಿ ಮುಚ್ಚಿಟ್ಟು, ಅದರ ಹೊಟ್ಟೆ ಖಾಲಿ ಬಿಡುವುದೇಕೆಂದು ನಮ್ಮಿಬ್ಬರ ಉಣ್ಣೆಯ ಕಾಲುಚೀಲಗಳನ್ನೆಲ್ಲ ಅದರೊಳಗೆ ತುರುಕಿದ್ದೆ. ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ, ಊದುಬತ್ತಿ ಇವುಗಳಿಗೆ ಬೆಂಕಿಯ ಭಯದಿಂದ ಹಡಗಿನಲ್ಲಿ ಪ್ರವೇಶವಿಲ್ಲ. ತಪಾಸಣೆಯಲ್ಲಿ ಅದನ್ನು ತೆಗೆದುಕೊಂಡು ಚೀಟಿಯೊಂದನ್ನು ನಮ್ಮ ಪೆಟ್ಟಿಗೆಗೆ ಅಂಟಿಸಿದ್ದರು. ಉದ್ದ ತಂತಿಯ ಪ್ಲಗ್ ಬಾಕ್ಸನ್ನೂ ಹೀಗೆಯೇ ತೆಗೆದಿಡುತ್ತಾರೆ. ದೇವರ ಮುಂದೆ ದೀಪ ಬೇಕೆನ್ನುವವರು ಬ್ಯಾಟರಿಯ ಪುಟ್ಟ ಹಣತೆಯೊಂದನ್ನು ಇಟ್ಟುಕೊಳ್ಳಬಹುದು.

ಮನೆಯಲ್ಲಿ ಮಾಡಿದ ತಿಂಡಿಗಳಿಗೂ ಬಹುತೇಕ ಹಡಗುಗಳಲ್ಲಿ ಅನುಮತಿ ಇಲ್ಲ, ಕಾರ್ಖಾನೆಯಲ್ಲಿ ಮೊಹರು ಮಾಡಿದ ಪೊಟ್ಟಣವಾದರೆ ಅಡ್ಡಿಯಿಲ್ಲ. ಚಟ್ನಿಪುಡಿಯ ಎರಡು ಪೊಟ್ಟಣ, ಸಣ್ಣ ಸಣ್ಣ ಉಪ್ಪಿನಕಾಯಿ ಸ್ಯಾಶೆಗಳು, ಸ್ವಲ್ಪ ಖಾರದ ಅವಲಕ್ಕಿ, ಇಷ್ಟೇ ಸಾಕು. ಬರಿಯ ಅನ್ನವೂ ಸಿಹಿಯಿಲ್ಲದ ಮೊಸರೂ ಅಲ್ಲಿ ಸಿಗುತ್ತವಾದ್ದರಿಂದ ನಾಲಿಗೆ ಕೆಟ್ಟ ದಿನ ಮೊಸರನ್ನಕ್ಕೆ ತೊಂದರೆಯಿಲ್ಲ. ಸಸ್ಯಾಹಾರಿಗಳು ಟಿಕೆಟ್ ತೆಗೆಸುವಾಗಲೇ ಬರೆದು ತಿಳಿಸಿ, ಮೊದಲ ರಾತ್ರಿಯೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮೊಟ್ಟೆ ಬೇಡ, ಮೀನಿನ ಸಾರ ಬೇಡ, ಮಾಂಸದ ಸಾರಿನಲ್ಲಿ ಕುದಿಸಿದ ಸೂಪು ಬೇಡ ಎಂದು ಒಂದೊಂದಾಗಿ ಬಿಡಿಸಿ ಹೇಳಬೇಕು. ನಮ್ಮ ಹಡಗಿನಲ್ಲಿ ಅವರು ಪ್ರತಿ ರಾತ್ರಿ ಮರುದಿನದ ಊಟದ ಪಟ್ಟಿ ತಂದು ತೋರಿಸುತ್ತಿದ್ದರು. ಅಡುಗೆಯವರಲ್ಲಿ ಗೋವಾದವರೊಬ್ಬರಿದ್ದರು; ನಾಲ್ಕನೆಯ ದಿನ ನಮಗೆ ಬೇಳೆಯ ತೊವ್ವೆಯೂ ಬಂತು. ಹಡಗಿನ ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ದಡಕ್ಕೆ ಇಳಿಯಬೇಡಿ, ಬಂದರುಗಳಲ್ಲಿ ಅದು ನಿಷಿದ್ಧ.

ಹೊಟ್ಟೆ ತೊಳಸುವವರು ಕೋಣೆ ಕಾದಿರಿಸುವಾಗಲೇ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನದನ್ನು ಕೇಳಿ; ತೂಗಾಟ ಅಲ್ಲಿ ಕಡಿಮೆ. ಶುಂಠಿ ಮಿಠಾಯಿ ನನಗೆ ಸಾಕಾಯಿತು. ಮಾತ್ರೆ ಬೇಕೆನ್ನುವವರು ತೊಳಸುವ ಮುನ್ನ ನುಂಗಬೇಕು, ಶುರುವಾದ ಮೇಲೆ ಪ್ರಯೋಜನ ಕಡಿಮೆ. ಊಟಕ್ಕೆ ಮುನ್ನ ಕೈಗೆ ಸ್ಯಾನಿಟೈಸರ್ ದ್ರಾವಣ ಸುರಿಯುತ್ತಾರಾದರೂ ಹಡಗುಗಳಲ್ಲಿ ಹರಡುವ ವಾಂತಿಭೇದಿಯ ನೊರೊವೈರಸ್‌ಗೆ ಸಾಬೂನು ನೀರೇ ಸರಿಯಾದ ಮದ್ದು.

ಕಾಲುವೆಯ ದಿನಕ್ಕೆ ಬೇರೆಯೇ ಒಂದು ಸಣ್ಣ ಚೀಲ ಸಿದ್ಧವಿರಲಿ: ಅಗಲ ಅಂಚಿನ, ಗದ್ದಕ್ಕೆ ಕಟ್ಟುವ ದಾರವಿರುವ ಟೋಪಿ, ನೀರಿನ ಬಾಟಲಿ, ದುರ್ಬೀನು, ಬೆವರೊರೆಸಲು ಒಂದು ತೆಳುವಾದ ಟವೆಲು. ಅಟ್ಲಾಂಟಿಕ್ ಕಡೆಯ ಗಾಟುನ್‌ನಲ್ಲಿ ಮೂರು ಮೆಟ್ಟಿಲುಗಳಾಗಿ, ಅಂದರೆ ಬಾಗಿಲು ಮುಚ್ಚಿ ನೀರು ತುಂಬಿಸುವ ಕಾಂಕ್ರೀಟು ಗೂಡುಗಳಲ್ಲಿ (ಲಾಕ್), ಹಡಗನ್ನು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಮೇಲಿನ ಸರೋವರಕ್ಕೆ ಏರಿಸಿ, ಆಚೆಯ ಕಡೆ ಮತ್ತೆ ಮೂರು ಮೆಟ್ಟಿಲು ಇಳಿಸುತ್ತಾರೆ; ಸುಮಾರು 80 ಕಿಲೋಮೀಟರ್ ದಾಟಲು ಬೆಳಗಿನಿಂದ ಸಂಜೆಯವರೆಗೆ ಹಿಡಿಯುತ್ತದೆ. ಇಷ್ಟು ದೊಡ್ಡ ಯಂತ್ರವ್ಯವಸ್ಥೆಯಲ್ಲಿ ಮೊದಲ ಹಗ್ಗವನ್ನು ಹಿಡಿಯಲು ಬಂದದ್ದು ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ ಕುಳಿತ ಇಬ್ಬರು! ಹಳೆಯ ಗೂಡುಗಳ ಅಗಲ 33.5 ಮೀಟರ್ ಮಾತ್ರ, ಕೆಳಗಿನ ಅಂತಸ್ತಿನಿಂದ ನೋಡಿದರೆ ಪಾಚಿಗಟ್ಟಿದ ಕಾಂಕ್ರೀಟು ಗೋಡೆ ಮೊಳದ ದೂರದಲ್ಲಿ ಕೆಳಗಿಳಿಯುತ್ತಿರುತ್ತದೆ. ನೀರನ್ನು ಪಂಪಿನಿಂದ ಎತ್ತುವುದಿಲ್ಲ, ಸರೋವರದಿಂದ ತಾನಾಗಿ ಇಳಿದು ತುಂಬುತ್ತದೆ. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿದ್ದಾಗ, 1914ರ ಆಗಸ್ಟ್ 15ರಂದು ಇದು ತೆರೆಯಿತೆಂದು ಯಜಮಾನರು ಸಿಕ್ಕವರಿಗೆಲ್ಲ ಹೇಳುತ್ತಾ ಟೋಪಿಯಿಲ್ಲದೆ ನಿಂತು, ಸಂಜೆಗೆ ಬೋಳುತಲೆ ಸುಟ್ಟುಕೊಂಡರು.

ಪಾದರಕ್ಷೆ ಎರಡು ಜೊತೆ ಸಾಕು, ಎರಡಕ್ಕೂ ಜಾರದ ರಬ್ಬರ್ ತಳವೂ ಹಿಮ್ಮಡಿಗೆ ಪಟ್ಟಿಯೂ ಇರಲಿ. ಕಾರ್ತಹೇನಾದ ಹಳೆಯ ಊರಿನಲ್ಲಿ, ಗ್ವಾಟೆಮಾಲಾದ ಆಂಟಿಗುವಾದಲ್ಲಿ ಕಲ್ಲು ಹಾಸಿದ ಬೀದಿಗಳು ಹವಾಯಿ ಚಪ್ಪಲಿಯವರನ್ನು ಕ್ಷಮಿಸುವುದಿಲ್ಲ. ಆಂಟಿಗುವಾ 1,500 ಮೀಟರ್ ಎತ್ತರದಲ್ಲಿ, ಅಂದರೆ ಮಡಿಕೇರಿಗಿಂತಲೂ ಮೇಲಿದೆ. ಬಂದರಿನ ಸೆಕೆ ನಂಬಿ ಸ್ವೆಟರ್ ಬಿಟ್ಟು ಬಸ್ಸು ಹತ್ತಬೇಡಿ. ಒಂದು ಡಾಲರಿನ ಹೊಸ ನೋಟುಗಳು ಇಪ್ಪತ್ತೈದು ಇರಲಿ, ಅಂಚು ಹರಿದ ನೋಟನ್ನು ಒಂದು ಅಂಗಡಿಯವರು ನನಗೆ ಹಿಂದಿರುಗಿಸಿದರು. ಮೊಬೈಲನ್ನು ಹಡಗು ಹತ್ತುವಾಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ನಡುಸಮುದ್ರದ ಸಿಗ್ನಲ್ಲಿನ ದರ ಅಷ್ಟಿಷ್ಟಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕಟ್ಟಿ ಬಾಗಿಲಾಚೆ ಇಡಬೇಕು, ಮರುದಿನ ಅವು ಬಂದರಿನಲ್ಲಿಯೇ ಸಿಗುತ್ತವೆ. ಬೆಳಗ್ಗೆ ಧರಿಸುವ ಬಟ್ಟೆ ತೆಗೆದಿಟ್ಟ ಮೇಲಷ್ಟೇ ಬೀಗ ಹಾಕಿ ಎಂದು ನಾನು ಈಗ ಎಲ್ಲರಿಗೂ ಹೇಳುವುದಕ್ಕೆ ಕಾರಣ, ಯಜಮಾನರ ಪ್ಯಾಂಟುಗಳೆಲ್ಲವನ್ನೂ ಅಚ್ಚುಕಟ್ಟಾಗಿ ಮಡಿಸಿ ನಾನೇ ಕಳುಹಿಸಿಬಿಟ್ಟಿದ್ದೆ. ಅವರು ಪಂಚೆಯುಟ್ಟು, ಮೇಲೆ ಜಾಕೆಟ್ ತೊಟ್ಟು, ಅಮೆರಿಕದ ವಲಸೆ ಅಧಿಕಾರಿಯ ಮುಂದೆ ಗಂಭೀರವಾಗಿಯೇ ನಿಂತರು. ಹೊರಬರುವ ದಾರಿಯಲ್ಲಿ ಚೀಟಿ ತೋರಿಸಿ ನಮ್ಮ ಕೆಟಲ್ಲನ್ನು ಬಿಡಿಸಿಕೊಂಡೆವು. ಕೊನೆಯ ಮೂರು ದಿನ ನಾವಿಬ್ಬರೂ ಬರಿಗಾಲಿನಲ್ಲಿ ನಡುಗುತ್ತಾ ಹುಡುಕಿದ ಉಣ್ಣೆಯ ಕಾಲುಚೀಲಗಳು ಅದರ ಹೊಟ್ಟೆಯಲ್ಲಿ ಬೆಚ್ಚಗೆ ಕುಳಿತಿದ್ದವು.