ಟೆಸ್ಟ್ ಮಾಡಿಸಿದರೆ ಸಾಲದು, ಸರಿಯಾದ ದಿನ ಮಾಡಿಸಬೇಕು

ಅಷ್ಟಾಗಿ ಪರಿಚಯ ಇಲ್ಲದವರ ಜೊತೆ ಒಂದು ರಾತ್ರಿ ಕಳೆದು, ಮೂರನೇ ದಿನ ಲೈಂಗಿಕ ಸೋಂಕಿನ ಟೆಸ್ಟಿಗೆ ಅಂತ ಲ್ಯಾಬಿಗೆ ಓಡಿ, ನೆಗೆಟಿವ್ ಅಂತ ಬರೆದ ಕಾಗದ ನೋಡಿ ನಿರಾಳ ಆಗಿಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಕಾಗದಕ್ಕೆ ಆ ರಾತ್ರಿಯ ವಿಷಯವೇ ಗೊತ್ತಿರುವುದಿಲ್ಲ. ಅದು ಹೇಳುವುದು ಅದಕ್ಕೂ ಹಿಂದಿನ ಕಥೆ. ಇನ್ನು ಕೆಲವರು ನಾಚಿಕೆಯಿಂದ ಮನೆಯಲ್ಲೇ ಕೂತು, ಮೊಬೈಲಿನಲ್ಲಿ ಲಕ್ಷಣ ಹುಡುಕುತ್ತಾ ಹುಡುಕುತ್ತಾ ಮೊದಲ ಮೂರು ದಿನ ಕಳೆದುಬಿಡುತ್ತಾರೆ. ನಿಜವಾಗಿ ಏನಾದರೂ ಮಾಡಬಹುದಾಗಿದ್ದು ಆ ಮೂರು ದಿನದಲ್ಲೇ.

ಮೊದಲು ಏನೇನಾಯಿತು ಅಂತ ನೆನಪು ಮಾಡಿಕೊಳ್ಳಿ. ಮುತ್ತು, ಅಪ್ಪುಗೆ ಇಷ್ಟೇ ಆಗಿದ್ದರೆ ಎಚ್‌ಐವಿ ಚಿಂತೆ ಬಿಡಿ. ಬಾಯಿಯ ಮೂಲಕ ಆಗಿದ್ದರೆ ಎಚ್‌ಐವಿ ಅಪಾಯ ತೀರಾ ಕಡಿಮೆ, ಆದರೆ ಗೊನೊರಿಯಾ, ಸಿಫಿಲಿಸ್ ಅನ್ನುವ ಬೇರೆ ಲೈಂಗಿಕ ರೋಗಗಳು ಬರಬಹುದು. ಕಾಂಡೋಮ್ ಇಲ್ಲದೆ ಸಂಭೋಗ ಆಗಿದ್ದರೂ ಒಂದೇ ಸಲಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಚಿಕಿತ್ಸೆ ತೆಗೆದುಕೊಳ್ಳದ ಎಚ್‌ಐವಿ ಸೋಂಕಿತರ ಜೊತೆ ಯೋನಿ ಸಂಭೋಗವಾದರೆ ಹೆಣ್ಣಿಗೆ ತಗಲುವುದು 10,000 ಸಲದಲ್ಲಿ ಸುಮಾರು 8 ಸಲ, ಗಂಡಿಗೆ ಸುಮಾರು 4 ಸಲ. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಂಡವರಿಗೆ ಇದು ಸುಮಾರು 138, ಅಂದರೆ ಅಪಾಯ ತುಂಬಾ ಜಾಸ್ತಿ. ಗೊನೊರಿಯಾ ಮತ್ತು ಕ್ಲಮೈಡಿಯಾ ಅನ್ನುವ ಇನ್ನೊಂದು ಲೈಂಗಿಕ ಸೋಂಕು ಇಷ್ಟು ನಿಧಾನದವಲ್ಲ. ಅವು ಸುಲಭವಾಗಿ ಹರಡುತ್ತವೆ.

ಕಾಂಡೋಮ್ ಹಾಕಿದ್ದೆ ಅನ್ನುವವರಿಗೆ ಒಂದು ಪ್ರಶ್ನೆ. ಜಾರಲಿ ಅಂತ ಕೊಬ್ಬರಿ ಎಣ್ಣೆ ಸವರಿದ್ದಿರಾ? ನಮ್ಮ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ, ಅಲ್ವಾ? ಲೇಟೆಕ್ಸ್ ಕಾಂಡೋಮ್ ಎಣ್ಣೆಗೆ ಬೇಗ ಸಡಿಲವಾಗಿ ಹರಿಯುತ್ತದೆ. ಹರಿದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ.

ಇನ್ನೂ 72 ಗಂಟೆ ಆಗಿಲ್ಲ ಅಂದರೆ ಮುಂದಿನದನ್ನು ಆಮೇಲೆ ಓದಿ, ಮೊದಲು ಆಸ್ಪತ್ರೆಗೆ ಹೊರಡಿ. ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಇದೆ. ಪಿಇಪಿ ಅನ್ನುತ್ತಾರೆ, 28 ದಿನ ಒಂದೂ ತಪ್ಪದೆ ನುಂಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಭಾನುವಾರ, ಜೋರು ಮಳೆ, ಬಸ್ಸಿಲ್ಲ, ಸೋಮವಾರ ನೋಡೋಣ ಅಂತ ಕೂರಬೇಡಿ. ಶಿವಮೊಗ್ಗದ ಹತ್ತಿರದವರಾದರೆ ಮೆಗ್ಗಾನ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಅಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎ.ಆರ್.ಟಿ. ಕೇಂದ್ರವೂ ಇದೆ. ‘ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದೆ, ಇಷ್ಟು ಗಂಟೆ ಆಯಿತು, ಪಿಇಪಿ ಬೇಕಾಗುತ್ತಾ ನೋಡಿ’ ಅಂತ ನೇರವಾಗಿ ಹೇಳಿ. ಸುಮ್ನೆ ‘ಸ್ವಲ್ಪ ಸುಸ್ತು ಸಾರ್’ ಅಂದರೆ ಗ್ಲೂಕೋಸ್ ಹಾಕಿ ಕಳಿಸುತ್ತಾರೆ. ಮಾತ್ರೆ ಬೇಕಾ ಬೇಡವಾ ಅನ್ನುವುದು ಡಾಕ್ಟರ್ ತೀರ್ಮಾನ. ಅಲ್ಲಿ ಸಿಗಲಿಲ್ಲ ಅಂದರೆ ಚೀಟಿ ಬರೆಸಿಕೊಂಡು ಹೊರಗೆ ಕೊಳ್ಳಲು ಆಗುತ್ತಾ ಕೇಳಿ. ಗರ್ಭ ನಿಲ್ಲುವ ಭಯ ಇದ್ದರೆ ತುರ್ತು ಗರ್ಭನಿರೋಧಕ ಮಾತ್ರೆಯನ್ನೂ ಇದೇ 72 ಗಂಟೆಯೊಳಗೆ, ಆದಷ್ಟು ಬೇಗ ತಗೊಳ್ಳಿ. ಅದು ಸೋಂಕನ್ನು ತಡೆಯುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಸೋಂಕು ಒಳಗೆ ಬಂದ ತಕ್ಷಣ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಹುಡುಕಿದ ಹಾಗೆ ಆಗುತ್ತದೆ. ಒಂದೊಂದು ಸೋಂಕಿಗೆ ಒಂದೊಂದು ಕಾಯುವ ಅವಧಿ. ಆದ್ದರಿಂದ ಘಟನೆ ನಡೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಏನು ಅಂತ ಬರೆಯುವುದು ಬೇಡ, ಚುಕ್ಕೆ ಸಾಕು. ಅಲ್ಲಿಂದ ಎಣಿಸಿ.

ಎರಡು ವಾರಕ್ಕೆ ಗೊನೊರಿಯಾ ಮತ್ತು ಕ್ಲಮೈಡಿಯಾ. ಇದು ರಕ್ತ ಪರೀಕ್ಷೆ ಅಲ್ಲ. ಗಂಡಸರು ಮೂತ್ರ ಕೊಡಬೇಕು, ಹೆಂಗಸರಿಗೆ ಯೋನಿಯ ಸ್ವಾಬ್, ಅಂದರೆ ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ, ಒಳ್ಳೆಯದು. ‘ಯೂರಿನ್ ರೊಟೀನ್’ ಮಾಡಿಸಿ ಬರಬೇಡಿ, ಅದರಲ್ಲಿ ಇವೆರಡೂ ಗೊತ್ತಾಗುವುದಿಲ್ಲ. ಪಿಸಿಆರ್ ಅಥವಾ ನ್ಯಾಟ್ ಅಂತ ಕೇಳಿ. ಕೊಡುವ ಮೊದಲು ಒಂದು ಗಂಟೆಯಾದರೂ ಮೂತ್ರಕ್ಕೆ ಹೋಗಿರಬಾರದು, ಮತ್ತೆ ಹಿಡಿಯಬೇಕಾದದ್ದು ಮೊದಲು ಬರುವ ಮೂತ್ರವನ್ನೇ. ಉಳಿದ ಮೂತ್ರ ಪರೀಕ್ಷೆಗಳಿಗೆ ನಡುವಿನದು ಕೊಡಿ ಅನ್ನುತ್ತಾರಲ್ಲ, ಇಲ್ಲಿ ಉಲ್ಟಾ. ಬಾಯಿ ಅಥವಾ ಗುದದ ಮೂಲಕ ಆಗಿದ್ದರೆ ಅಲ್ಲಿಂದಲೇ ಸ್ವಾಬ್ ತೆಗೆಯಬೇಕು. ಗಂಟಲಲ್ಲಿ ಕೂತ ಸೋಂಕು ಮೂತ್ರದಲ್ಲಿ ಸಿಗುವುದಿಲ್ಲ. ನಮ್ಮ ಊರುಗಳ ಎಲ್ಲ ಲ್ಯಾಬಿನಲ್ಲೂ ಇದು ಆಗುವುದಿಲ್ಲ, ದುಡ್ಡೂ ಜಾಸ್ತಿ. ಆಗದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಿ, ಲಕ್ಷಣ ಇದ್ದರೆ ಅದನ್ನು ನೋಡಿಯೇ ಔಷಧಿ ಉಚಿತವಾಗಿ ಕೊಡುತ್ತಾರೆ.

ಆರು ವಾರ ದಾಟಿದ ಮೇಲೆ, 45ನೇ ದಿನಕ್ಕೆ ಎಚ್‌ಐವಿ ಮತ್ತು ಸಿಫಿಲಿಸ್. ಎಚ್‌ಐವಿಗೆ ಲ್ಯಾಬಿನಲ್ಲಿ ‘ಫೋರ್ತ್ ಜನರೇಷನ್’ ಅಂತಲೇ ಕೇಳಿ, ತೋಳಿನ ರಕ್ತದಿಂದ ಮಾಡುವಂಥದ್ದು. 45 ದಿನಕ್ಕೆ ಅದು ನೆಗೆಟಿವ್ ಬಂದರೆ ಬಹುಮಟ್ಟಿಗೆ ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಆದರೆ 90 ದಿನ ಕಾಯಬೇಕು. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅನ್ನುವ ರಕ್ತ ಪರೀಕ್ಷೆ, 90 ದಿನಕ್ಕೆ ಅದನ್ನು ಇನ್ನೊಮ್ಮೆ ಮಾಡಿಸಿ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ, ಸಂಭೋಗದಿಂದಲೂ ಹರಡುವ ಲಿವರಿನ ಸೋಂಕು ಅದು. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಹಾಕಿಸಿಲ್ಲದಿದ್ದರೆ ಇಷ್ಟು ದಿನ ಕಾಯಬೇಡಿ, ಮೊದಲ ದಿನವೇ ಡಾಕ್ಟರನ್ನು ಕೇಳಿ. ಪಿಇಪಿ ತಗೊಂಡವರ ಲೆಕ್ಕವೇ ಬೇರೆ, ಅವರು ಡಾಕ್ಟರ್ ಹೇಳಿದ ತಾರೀಖಿಗೇ ಹೋಗಬೇಕು.

ನಡುವೆ ಏನಾದರೂ ಕಂಡರೆ ತಾರೀಖು ಕಾಯಬೇಡಿ. ಉರಿ, ಕೀವಿನಂಥ ಸ್ರಾವ, ಹುಣ್ಣು ಕಂಡರೆ ಅವತ್ತೇ ತೋರಿಸಿ. ಅದರಲ್ಲೂ ನೋವಿಲ್ಲದ ಹುಣ್ಣು. ಸಿಫಿಲಿಸ್ ಹುಣ್ಣು ಮೂರರಿಂದ ಆರು ವಾರದಲ್ಲಿ ತಾನಾಗೇ ಮಾಯುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಮಳೆಗಾಲದಲ್ಲಿ ಒಣಗದ ಒಳ ಉಡುಪು ಹಾಕಿಕೊಂಡು ತೊಡೆ ಸಂದಿಯಲ್ಲಿ ಗಜಕರ್ಣ ಎದ್ದರೆ ಅದನ್ನೇ ಗುಪ್ತರೋಗ ಅಂತ ಹೆದರುವವರೂ ಇದ್ದಾರೆ. ಎರಡಕ್ಕೂ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ, ತುರಿಕೆ ಎರಡು ದಿನ ನಿಂತು ಆಮೇಲೆ ಊರಗಲ ಹರಡುತ್ತದೆ. ಡೆಟಾಲ್ ಹಾಕಿ ತೊಳೆಯುವುದೂ ಬೇಡ. ಮುನ್ನೆಚ್ಚರಿಕೆಗೆ ಅಂತ ಆ್ಯಂಟಿಬಯೋಟಿಕ್ ನುಂಗುವುದಂತೂ ಬೇಡವೇ ಬೇಡ, ರೋಗ ಅರ್ಧ ಅಡಗಿ ಟೆಸ್ಟನ್ನೇ ಹಾದಿ ತಪ್ಪಿಸುತ್ತದೆ. ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ ‘ಗ್ಯಾರಂಟಿ ಚಿಕಿತ್ಸೆ’ ಚೀಟಿಗಳ ಬಗ್ಗೆ ಏನೂ ಹೇಳುವುದಿಲ್ಲ. ಆ ದುಡ್ಡಿಗೆ ಒಳ್ಳೆ ರೇನ್‌ಕೋಟ್ ಬರುತ್ತದೆ.

ಎಲ್ಲಿ ಮಾಡಿಸುವುದು? ನನ್ನ ಮಾತು ಕೇಳಿದರೆ ಎಚ್‌ಐವಿ, ಸಿಫಿಲಿಸ್ ಎರಡಕ್ಕೂ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೇ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೇ ಹೋಗಿ. ಉಚಿತ ಅನ್ನುವುದಕ್ಕಿಂತ, ಅಲ್ಲಿ ಪರೀಕ್ಷೆಗೆ ಮೊದಲು ಮತ್ತು ಆಮೇಲೆ ಕೂರಿಸಿ ಮಾತಾಡುವ ಆಪ್ತಸಮಾಲೋಚಕರು ಇರುತ್ತಾರೆ. ಖಾಸಗಿ ಲ್ಯಾಬಿನ ‘ಫುಲ್ ಪ್ಯಾಕೇಜ್’ನಲ್ಲಿ ಲಕ್ಷಣವೇ ಇಲ್ಲದವರಿಗೂ ಹರ್ಪಿಸ್ ರಕ್ತ ಪರೀಕ್ಷೆ ಸೇರಿಸಿರುತ್ತಾರೆ, ಅದರ ಫಲಿತಾಂಶ ನೋಡಿ ನಿದ್ದೆ ಕೆಡುವುದೊಂದೇ ಲಾಭ. ಐಸಿಟಿಸಿಯಲ್ಲಿ ಮಾಡುವುದು ರ‍್ಯಾಪಿಡ್ ಕಿಟ್, ಆದ್ದರಿಂದ 90ನೇ ದಿನದ ಮಾತು ನೆನಪಿರಲಿ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಳಗೆ ಕಾಲಿಟ್ಟರೆ ಚಿಕ್ಕಮ್ಮನ ಕಡೆ ನೆಂಟರೊಬ್ಬರು ಎದುರಿಗೆ ಸಿಗುತ್ತಾರೆ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ಹಾಗಾದರೆ ಬೇರೆ ಊರಿಗೆ ಹೋಗಿ, ಇದೇ ತಾಲ್ಲೂಕಿನಲ್ಲಿ ಮಾಡಿಸಬೇಕು ಅಂತೇನೂ ಇಲ್ಲ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದು, ಫಲಿತಾಂಶ ಬೇರೆಯವರಿಗೆ ಹೇಳುವುದು ಎರಡನ್ನೂ 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಮೊದಲು ಫೋನಿನಲ್ಲಿ ಕೇಳಬೇಕು ಅಂದರೆ ಏಡ್ಸ್ ಸಹಾಯವಾಣಿ 1097, ಕರೆಗೆ ದುಡ್ಡಿಲ್ಲ.

ಎಚ್‌ಐವಿ ವರದಿಯಲ್ಲಿ ‘ರಿಯಾಕ್ಟಿವ್’, ಅಂದರೆ ಸೋಂಕಿನ ಸುಳಿವು ಸಿಕ್ಕಿದೆ, ಅಂತ ಇದ್ದರೆ ಅದೇ ಕೊನೆಯ ಮಾತಲ್ಲ. ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿದ ಮೇಲೆಯೇ ಎಚ್‌ಐವಿ ಇದೆ ಅಂತ ಹೇಳುವುದು. ಇದ್ದರೂ ಮಾತ್ರೆ ಉಚಿತ, ದಿನವೂ ತಗೊಂಡು ವೈರಸ್ ಪರೀಕ್ಷೆಯಲ್ಲಿ ಸಿಗದಷ್ಟು ಕೆಳಗಿಳಿದರೆ ಸಂಭೋಗದಿಂದ ಬೇರೆಯವರಿಗೆ ಹರಡುವುದಿಲ್ಲ. ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್ ಮೂರೂ ಔಷಧಿಗೆ ಪೂರ್ತಿ ವಾಸಿಯಾಗುತ್ತವೆ.

ಎಲ್ಲ ಟೆಸ್ಟ್ ಮುಗಿಯುವ ತನಕ ಮನೆಯಲ್ಲಿರುವ ಗಂಡ ಅಥವಾ ಹೆಂಡತಿಯ ಜೊತೆ ಕೂಡುವಾಗಲೂ ಕಾಂಡೋಮ್ ಬೇಕೇ ಬೇಕು. ಕಾರಣ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಆದರೆ ಸೋಂಕು ಇದೆ ಅಂತ ಗೊತ್ತಾದರೆ ಅವರಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ನಿಮಗೆ ವಾಸಿಯಾದದ್ದು ಅವರಿಂದಲೇ ತಿರುಗಿ ಬರುತ್ತದೆ. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಇಬ್ಬರೂ ಹೋಗಿ ಆಪ್ತಸಮಾಲೋಚಕರ ಮುಂದೆ ಕೂತು ಹೇಳಿ.