ಒಡಂಬಡಿಕೆಯ ಎಳೆ ಹಿಡಿದು ಬೈಬಲ್ ಓದುವುದು ಹೇಗೆ?

ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಕಥೋಲಿಕ ಮನೆಗಳಲ್ಲಿ ಬೈಬಲ್ ಕಪಾಟಿನಿಂದ ಕೆಳಗಿಳಿಯುತ್ತದೆ. ಆದಿಕಾಂಡದ ಮೊದಲ ಪುಟದಿಂದ ಓದು ಶುರು. ಯೋಸೇಫನ ಕಥೆ ಸರಾಗ, ಕೆಂಪು ಸಮುದ್ರ ದಾಟುವವರೆಗೂ ಪರವಾಗಿಲ್ಲ. ಗುಡಾರದ ಪರದೆ, ಕೊಂಡಿ, ಹಲಗೆಗಳ ಅಳತೆ ಬಂದಾಗ ಓದು ಕುಂಟುತ್ತದೆ, ಯಾಜಕಕಾಂಡಕ್ಕೆ ಬಂದು ನಿಂತೇ ಹೋಗುತ್ತದೆ. 73 ಪುಸ್ತಕಗಳ ಗ್ರಂಥಾಲಯವನ್ನು ಒಂದು ಕಾದಂಬರಿಯಂತೆ ಓದಲು ಹೊರಟರೆ ಹೀಗೇ ಆಗುವುದು. ಹೊಸಬರು ಮೊದಲು ಒಡಂಬಡಿಕೆಗಳ ಎಳೆ ಹಿಡಿಯಬೇಕು. ಅದಕ್ಕೆ 24 ಅಧ್ಯಾಯ ಸಾಕು.

ಪುಸ್ತಕ: ಪರಿವಿಡಿ ತೆರೆದು ತೋಬಿತ, ಯೂದಿತ, ಮಕ್ಕಬಿಯರು ಇವೆಯೇ ನೋಡಿ. ಇದ್ದರೆ ಹಳೆಯ ಒಡಂಬಡಿಕೆಯ 46 ಪುಸ್ತಕಗಳೂ ಇರುವ ಕಥೋಲಿಕ ಆವೃತ್ತಿ ಅದು. ಮೊಬೈಲಿನ ಎಷ್ಟೋ ಆ್ಯಪ್‌ಗಳಲ್ಲಿ ಒಟ್ಟು 73ರ ಬದಲು 66 ಪುಸ್ತಕ ಮಾತ್ರ ಇರುತ್ತವೆ. ಮೊದಲ ಓದಿಗೆ ಮೊಬೈಲ್ ಬೇಡವೇ ಬೇಡ. ಹಿಂದೆ ಮುಂದೆ ಪುಟ ತಿರುಗಿಸುತ್ತಾ ಬೆರಳಿಟ್ಟು ಹೋಲಿಸುವುದೇ ಈ ಓದಿನ ಮುಖ್ಯ ಕೆಲಸ. ಜೊತೆಗೆ 40 ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್.

ಪದ: ದಿನಪತ್ರಿಕೆಯಲ್ಲಿ ‘ಒಡಂಬಡಿಕೆಗೆ ಸಹಿ’ ಎಂದು ಓದಿ ಓದಿ ನಮಗೆ ಆ ಪದ ಕೇಳಿದರೆ ಕಂಪನಿ, ಬಂಡವಾಳ, ಷರತ್ತುಗಳೇ ನೆನಪಾಗುತ್ತವೆ. ಬೈಬಲ್ ಓದುವಾಗಲೂ ಅದೇ ಅರ್ಥ ತಲೆಯಲ್ಲಿ ಉಳಿದರೆ ಮುಂದಿನದೆಲ್ಲ ಕೆಡುತ್ತದೆ. ಟ್ರಾಲ್ ದೋಣಿಯ ಮಾಲೀಕನಿಗೂ ಕೆಲಸಗಾರನಿಗೂ ಇರುವುದು ಕರಾರು: ಇಷ್ಟು ದುಡಿಮೆಗೆ ಇಷ್ಟು ಪಾಲು, ಮಳೆಗಾಲದಲ್ಲಿ ದೋಣಿ ದಡ ಹತ್ತಿದರೆ ಲೆಕ್ಕ ಚುಕ್ತಾ. ಬೈಬಲಿನ ಒಡಂಬಡಿಕೆ ನಮ್ಮ ಕೊಂಕಣಿ ಮನೆಗಳ ಸೊಯ್ರಿಕೆಗೆ, ಅಂದರೆ ಮದುವೆಯ ನಂಟಿಗೆ, ಹತ್ತಿರ. ಅಲ್ಲಿ ಕೊಡುವುದೂ ಪಡೆಯುವುದೂ ಮನುಷ್ಯರನ್ನೇ; ಪರಕೀಯರಾಗಿದ್ದವರು ಒಂದೇ ಮನೆಯವರಾಗುತ್ತಾರೆ. ‘ನಾನು ನಿಮ್ಮ ದೇವರು, ನೀವು ನನ್ನ ಪ್ರಜೆ’ ಎಂಬ ಮಾತು ಮತ್ತೆ ಮತ್ತೆ ಬರುವುದು ಇದಕ್ಕೇ.

ಓದುವ ಪಟ್ಟಿ: ಆದಿಕಾಂಡ 1ರಿಂದ 3, 6ರಿಂದ 9, ಆಮೇಲೆ 12, 15, 17, 22. ವಿಮೋಚನಾಕಾಂಡ 19ರಿಂದ 24, ಮತ್ತು 32. 2 ಸಮುವೇಲ 7. ಕೀರ್ತನೆ 89. ಯೆರೆಮೀಯ 31. ಲೂಕ 22. ಹಿಬ್ರಿಯರಿಗೆ 8 ಮತ್ತು 9. ದಿನಕ್ಕೊಂದು ಅಧ್ಯಾಯ, ಹೆಚ್ಚು ಬೇಡ.

ನೋಟ್‌ಬುಕ್‌ನಲ್ಲಿ ಆದಾಮ, ನೋಹ, ಅಬ್ರಹಾಮ, ಮೋಶೆ, ದಾವೀದ, ಕ್ರಿಸ್ತ ಎಂದು ಆರು ಸಾಲು ಹಾಕಿ. ಪ್ರತಿ ಸಾಲಿನ ಎದುರು ನಾಲ್ಕು ಮನೆ: ದೇವರು ಯಾರ ಮೂಲಕ ಯಾರೊಡನೆ ನಂಟು ಕಟ್ಟಿದರು, ಕೊಟ್ಟ ಮಾತೇನು, ಕೇಳಿದ್ದೇನು, ಗುರುತು ಯಾವುದು. ಮೊದಲು ದಂಪತಿ, ಆಮೇಲೆ ಕುಟುಂಬ, ಕುಲ, ಜನಾಂಗ, ರಾಜ್ಯ, ಕೊನೆಗೆ ಎಲ್ಲ ಜನಾಂಗಗಳ ಧರ್ಮಸಭೆ. ಮನೆ ದೊಡ್ಡದಾಗುತ್ತಾ ಹೋಗುವುದು ತಾನಾಗಿ ಕಾಣುತ್ತದೆ. ಅಚ್ಚಾದ ಸಿದ್ಧ ಕೋಷ್ಟಕಗಳನ್ನು ದಯವಿಟ್ಟು ನಕಲು ಮಾಡಬೇಡಿ. ಎಲ್ಲ ಮನೆಯನ್ನೂ ತುಂಬಲೇಬೇಕೆಂಬ ಹಟದಲ್ಲಿ ಅವು ಮೂಲದಲ್ಲಿ ಇಲ್ಲದ್ದನ್ನೂ ತುಂಬುತ್ತವೆ. ಆದಿಕಾಂಡ 1ರಿಂದ 3ರಲ್ಲಿ ‘ಒಡಂಬಡಿಕೆ’ ಎಂಬ ಪದವೇ ಇಲ್ಲ. ಅದು ಮೊದಲು ಕಾಣುವುದು 6:18ರಲ್ಲಿ, ನೋಹನಿಗೆ ಹೇಳುವಾಗ. 2 ಸಮುವೇಲ 7ರಲ್ಲೂ ಆ ಪದವಿಲ್ಲ, ಕೀರ್ತನೆ 89 ಅದನ್ನು ಬಾಯಿಬಿಟ್ಟು ಹೇಳುತ್ತದೆ. ಸಿಗದಿದ್ದರೆ ಮನೆ ಖಾಲಿ ಬಿಡಿ.

ನೋಹನದು ಸುಲಭ, ಗುರುತು ಮೋಡದಲ್ಲಿನ ಕಾಮನಬಿಲ್ಲು. ಹೀಬ್ರೂವಿನಲ್ಲಿ ಯುದ್ಧದ ಬಿಲ್ಲಿಗೂ ಮೋಡದ ಬಿಲ್ಲಿಗೂ ಒಂದೇ ಪದ, ನಮ್ಮ ಕಾಮನಬಿಲ್ಲಿನಲ್ಲೂ ಬಿಲ್ಲು ಇದ್ದೇ ಇದೆ. ಇದನ್ನು ಗಮನಿಸಿ ಮುಂದೆ ಹೋಗಿ.

ಹೆಚ್ಚಿನವರು ಎಡವುವುದು ಅಬ್ರಹಾಮನಲ್ಲಿ. 12, 15, 17, 22ನೇ ಅಧ್ಯಾಯಗಳನ್ನು ಒಂದೇ ಘಟನೆಯಂತೆ ಕಲಸಿಬಿಡುತ್ತಾರೆ. 12ರಲ್ಲಿ ಹೊರಟಾಗ ಆತನಿಗೆ 75 ವರ್ಷ, 17ರಲ್ಲಿ 99. ನಡುವಿನ 24 ವರ್ಷಗಳ ಕಾಯುವಿಕೆಯನ್ನು ಅಂಚಿನಲ್ಲಿ ಬರೆದುಕೊಳ್ಳಿ. 12ರಲ್ಲಿ ಕೊಟ್ಟ ಮಾತಿನಲ್ಲಿ ಮೂರು ಎಳೆಗಳಿವೆ: ನಾಡು ಮತ್ತು ಜನಾಂಗ, ದೊಡ್ಡ ಹೆಸರು, ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ. 15ರಲ್ಲಿ ನಾಡಿನ ಮಾತು ಒಡಂಬಡಿಕೆಯಾಗುತ್ತದೆ. 17ರಲ್ಲಿ ‘ನಿನ್ನಿಂದ ಅರಸರು ಹುಟ್ಟುವರು’ ಎಂಬುದು ಸೇರುತ್ತದೆ, ಸುನ್ನತಿ ಗುರುತಾಗುತ್ತದೆ. 22ರಲ್ಲಿ ಎಲ್ಲ ಜನಾಂಗಗಳ ಆಶೀರ್ವಾದವನ್ನು ದೇವರು ಆಣೆಯಿಟ್ಟು ಖಚಿತಪಡಿಸುತ್ತಾರೆ. ಈ ಮೂರು ಎಳೆಗಳಲ್ಲಿ ಮೊದಲನೆಯದರಿಂದ ಮೋಶೆಯ ಸಾಲಿಗೆ, ಎರಡನೆಯದರಿಂದ ದಾವೀದನ ಸಾಲಿಗೆ, ಮೂರನೆಯದರಿಂದ ಕ್ರಿಸ್ತರ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ.

15ನೇ ಅಧ್ಯಾಯವನ್ನು ಎರಡು ಸಲ ಓದಬೇಕು. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು. ಅಬ್ರಾಮ (17ರವರೆಗೆ ಅಬ್ರಹಾಮನ ಹೆಸರು ಇದೇ) ಇವನ್ನು ನಡುವೆ ಸೀಳಿ ಹೋಳುಗಳನ್ನು ಎದುರುಬದುರು ಇಡುತ್ತಾನೆ. ಜೊತೆಗೆ ತಂದ ಹಕ್ಕಿಗಳನ್ನು ಸೀಳುವುದಿಲ್ಲ. ಹೊತ್ತು ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ರೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು ಹೋಳುಗಳ ನಡುವೆ ಹಾದುಹೋಗುತ್ತವೆ. ಇಷ್ಟಕ್ಕೇ ಬಿಟ್ಟರೆ ವಿಚಿತ್ರ ಆಚರಣೆಯಾಗಿ ಉಳಿಯುತ್ತದೆ. ಕೂಡಲೇ ಯೆರೆಮೀಯ 34:18 ತೆರೆಯಿರಿ. ಸೀಳಿದ ಕರುವಿನ ನಡುವೆ ನಡೆಯುವುದೆಂದರೆ ‘ಮಾತು ತಪ್ಪಿದರೆ ನನಗೂ ಇದೇ ಗತಿ’ ಎಂದು ತನ್ನ ಮೇಲೇ ಶಾಪ ಹಾಕಿಕೊಂಡಂತೆ. ಇಬ್ಬರೂ ನಡೆಯಬೇಕಾದ ಕಡೆ ಅಬ್ರಾಮ ಮಲಗಿದ್ದಾನೆ, ದೇವರೊಬ್ಬರೇ ಹಾದುಹೋಗಿದ್ದಾರೆ. ಶಿಲುಬೆಯತ್ತ ಹೋಗುವ ದಾರಿ ಇಲ್ಲಿಂದಲೇ ಕಾಣತೊಡಗುತ್ತದೆ.

ವಿಮೋಚನಾಕಾಂಡ 24ರಲ್ಲಿ ಮೋಶೆ ರಕ್ತದಲ್ಲಿ ಅರ್ಧವನ್ನು ಬಲಿಪೀಠಕ್ಕೆ, ಅರ್ಧವನ್ನು ಜನರ ಮೇಲೆ ಚಿಮುಕಿಸುತ್ತಾನೆ. ಆಮೇಲೆ ಹಿರಿಯರು ಬೆಟ್ಟದ ಮೇಲೆ ದೇವರ ಸನ್ನಿಧಿಯಲ್ಲಿ ಉಂಡು ಕುಡಿಯುತ್ತಾರೆ. ಇಲ್ಲಿ ಒಂದು ಬೆರಳಿಡಿ, ಲೂಕ 22:20ರಲ್ಲಿ ಇನ್ನೊಂದು. ಬಲಿಪೂಜೆಯಲ್ಲಿ ಪಾನಪಾತ್ರೆ ಎತ್ತಿ ಗುರುಗಳು ಹೇಳುವ ಒಡಂಬಡಿಕೆಯ ರಕ್ತದ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. 32ನೇ ಅಧ್ಯಾಯದಲ್ಲಿ ಜನ ವಿಗ್ರಹ ಮಾಡಿ ಪೂಜಿಸಿದ ಹೋರಿಕರುವನ್ನೂ ಬಿಡಬೇಡಿ. ಒಡಂಬಡಿಕೆ ಎಷ್ಟು ಬೇಗ ಮುರಿಯಿತೆಂದು ತಿಳಿದವರಿಗೇ ಯೆರೆಮೀಯ 31:31ರ ‘ಹೊಸ ಒಡಂಬಡಿಕೆ’ ಯಾಕೆ ಬೇಕಾಯಿತೆಂದು ಅರ್ಥವಾಗುವುದು.

ಒಂದು ಎಚ್ಚರಿಕೆ. ಹೊಸದು ಬಂದಮೇಲೆ ಹಳೆಯದು ರದ್ದಿ ಎಂಬಂತೆ ಓದಬೇಡಿ. ಹೊಸದು ಹಳೆಯದರಲ್ಲಿ ಅಡಗಿದೆ, ಹಳೆಯದು ಹೊಸದರಲ್ಲಿ ತೆರೆದುಕೊಳ್ಳುತ್ತದೆ ಎಂದವರು ಸಂತ ಅಗಸ್ಟೀನರು. ಇಡೀ ಶ್ರೀಗ್ರಂಥದ ಏಕತೆಯನ್ನು ಗಮನಿಸಿಯೇ ಓದಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಹೇಳಿದೆ. ದಿನಕ್ಕೊಂದು ವಾಕ್ಯ ಹರಿದು ಓದುವ ಕ್ಯಾಲೆಂಡರುಗಳಿಂದ ಈ ಏಕತೆ ಸಿಗುವುದಿಲ್ಲ.

ಕಲಿತದ್ದನ್ನು ಪರೀಕ್ಷಿಸಲು ಪಾಸ್ಖ ಜಾಗರಣೆ, ಅಂದರೆ ಈಸ್ಟರಿನ ಹಿಂದಿನ ರಾತ್ರಿಯ ಆರಾಧನೆ, ಒಳ್ಳೆಯ ಸಂದರ್ಭ. ಆ ರಾತ್ರಿಗೆ ನಿಗದಿಯಾದ ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಸೃಷ್ಟಿ, ಇಸಾಕನ ಬಲಿ, ಸಮುದ್ರ ದಾಟಿದ್ದು ಎಲ್ಲವೂ ಇವೆ. ಕೆಲವು ಕಡೆ ಸಂಖ್ಯೆ ಕಡಿಮೆ ಮಾಡುತ್ತಾರೆ; ಬಿಟ್ಟದ್ದನ್ನು ಮನೆಯಲ್ಲೇ ಓದಿ ಹೋಗಿ. ಅಷ್ಟರಲ್ಲಿ 24 ಅಧ್ಯಾಯ ಮುಗಿದಿದ್ದರೆ ಮತ್ತಾಯನ ಮೊದಲ ವಾಕ್ಯ ತೆರೆಯಿರಿ. ಅಬ್ರಹಾಮ, ದಾವೀದ, ಕ್ರಿಸ್ತ: ನೀವು ಗೆರೆ ಎಳೆದು ಜೋಡಿಸಿದ ಮೂರು ಹೆಸರೂ ಆ ಒಂದೇ ಸಾಲಿನಲ್ಲಿವೆ.