ಹಾಜರಿ ಪಟ್ಟಿ ಹಿಡಿದು ಕೆರೆಗೆ ಹೋದ ದಿನ

ಉದ್ಯೋಗ ಖಾತರಿ ಕೂಲಿಕಾರರ ಹಾಜರಿ ಪಟ್ಟಿಗೆ ನಮ್ಮ ಕಡೆ ಎಲ್ಲರೂ ಎನ್‌ಎಂಆರ್ ಎನ್ನುತ್ತಾರೆ. 2022ರಲ್ಲಿ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ಕೆರೆ ಹೂಳೆತ್ತಿದ ಕಾಮಗಾರಿಯ ಎನ್‌ಎಂಆರ್ ನಕಲು ನನ್ನ ಕೈಗೆ ಬಂತು. ಅದರ ಒಂದು ಹಾಳೆಯ ಮೇಲೆ ಕಣ್ಣು ನಿಂತುಬಿಟ್ಟಿತು. ಏಳು ಹೆಬ್ಬೆಟ್ಟಿನ ಗುರುತುಗಳ ನಡುವೆ ಒಂದೇ ತೆರನಾದ ಬಿಳಿ ಗೆರೆ ಅಡ್ಡ ಹಾದಿತ್ತು. ಕುಡುಗೋಲು ತಾಗಿ ಮಾಯ್ದ ಗಾಯದ ಗೆರೆ ಹಾಗಿರುತ್ತದೆ. ಏಳು ಜನರ ಹೆಬ್ಬೆರಳಿಗೆ ಒಂದೇ ಜಾಗದಲ್ಲಿ ಒಂದೇ ಗಾಯ ಆಗುವುದುಂಟೇ?

ಆ ರಾತ್ರಿಯೇ ಸುದ್ದಿ ಬರೆದು ಹುಬ್ಬಳ್ಳಿಯಲ್ಲಿರುವ ನಮ್ಮ ಪತ್ರಿಕೆಯ ಡೆಸ್ಕಿಗೆ ಕಳಿಸಿಬಿಡಬೇಕು ಎನ್ನಿಸಿತ್ತು. ಕಳಿಸಲಿಲ್ಲ. ನಾನು ಬೆರಳಚ್ಚು ತಜ್ಞನಲ್ಲ, ಮಸಿ ಮಸುಕಾದ ನಕಲಿನ ಮೇಲೆ ಒಬ್ಬರನ್ನು ಕಳ್ಳರೆನ್ನಲು ಬರುವುದಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ಕಿತ್ತುಹೋದ ಒಂದು ರಸ್ತೆಯ ಬಗ್ಗೆ ಬರೆಯುವಾಗ, ಅದು ಯಾವ ಇಲಾಖೆಯ ರಸ್ತೆ ಎಂದು ವಿಚಾರಿಸದೆ ಸಂಬಂಧವೇ ಇಲ್ಲದ ಒಬ್ಬ ಎಂಜಿನಿಯರ್ ಮೇಲೆ ತಪ್ಪು ಹೊರಿಸಿದ್ದೆ. ಅವರು ಜಗಳಕ್ಕೆ ಬರಲಿಲ್ಲ. ಕಡತವನ್ನು ನನ್ನ ಮುಂದಿಟ್ಟು, ‘ಮೊದಲೇ ಕೇಳಿದ್ದರೆ ನಾನೇ ತೋರಿಸುತ್ತಿದ್ದೆನಲ್ಲ’ ಎಂದರು. ಮರುದಿನ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬಂತು, ಆರೋಪ ಬಂದದ್ದು ಮಾತ್ರ ಮುಖಪುಟದಲ್ಲಿ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಕೆರೆಯ ಸುದ್ದಿಯ ಎಳೆ ಸಿಕ್ಕಿದ್ದು ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ. ‘ನಮ್ಮೂರ ಕೆರೆಯಲ್ಲಿ ರಾತ್ರಿ ಜೆಸಿಬಿ ದುಡಿಯುತ್ತದೆ, ಹಗಲು ಬರೀ ಹೆಸರು ದುಡಿಯುತ್ತವೆ’ ಎಂದು ಒಬ್ಬ ರೈತರು ಹೇಳಿದರು. ಉದ್ಯೋಗ ಖಾತರಿಯಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ, ಕೂಲಿಕಾರರ ಕೆಲಸ ಕಸಿಯುವ ಯಂತ್ರ ಬಳಸುವಂತಿರಲಿಲ್ಲ. ನಾನು ಮೊದಲು ನೋಡಿದ್ದು ಯೋಜನೆಯ ಜಾಲತಾಣವನ್ನು. ಯಾವ ಕಾಮಗಾರಿ, ಯಾವ ವಾರ, ಯಾರ ಹೆಸರಿಗೆ ಎಷ್ಟು ಕೂಲಿ ಎಂಬುದೆಲ್ಲ ಅಲ್ಲಿ ಬಿಡಿಗಾಸಿಲ್ಲದೆ ಸಿಗುತ್ತಿತ್ತು. ಆ ವರ್ಷ ದಿನಗೂಲಿ 309 ರೂಪಾಯಿ. ಆರು ದಿನಕ್ಕೆ 1,854. ಆ ಸಂಖ್ಯೆ ಪಟ್ಟಿಯ ಉದ್ದಕ್ಕೂ ಸಾಲುಗಟ್ಟಿ ನಿಂತಿತ್ತು. ಒಬ್ಬರೂ ಒಂದು ದಿನವೂ ಗೈರಾಗದ ಊರು ಅದು. ಬೇಸಿಗೆಯಲ್ಲಿ ಜಾತ್ರೆ, ಮದುವೆ, ಜ್ವರ ಏನೂ ಇಲ್ಲದ ಊರನ್ನು ನಾನಂತೂ ಕಂಡಿಲ್ಲ.

ಜಾಲತಾಣದಲ್ಲಿ ಸಿಗದ ಕಾಗದಗಳಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹೊಸಬರು ಇಲ್ಲಿಯೇ ಎಡವುತ್ತಾರೆ. ‘ಪಂಚಾಯಿತಿಯ ಎಲ್ಲ ಕಾಮಗಾರಿಗಳ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಾನು ಕೇಳಿದ್ದು ಮೂರನ್ನೇ: ಆ ಒಂದು ಕಾಮಗಾರಿಯ ಅಂದಾಜು ಪತ್ರಿಕೆ, ಅಳತೆ ಪುಸ್ತಕದ ಪುಟಗಳು, ಸಹಿ ಇರುವ ಎನ್‌ಎಂಆರ್. ಕಾಮಗಾರಿಯ ಸಂಕೇತ ಸಂಖ್ಯೆಯನ್ನೂ ನಾನೇ ಬರೆದುಕೊಟ್ಟೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. 30 ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿಸಿಕೊಂಡು ನಕಲು ಕೊಟ್ಟರು. ಆ ಹೆಬ್ಬೆಟ್ಟುಗಳು ಸಿಕ್ಕಿದ್ದು ಆಗ.

ಮರುದಿನ ನಸುಕಿನಲ್ಲಿ ಟೇಪು ಹಿಡಿದು ಕೆರೆಗೆ ಹೋದೆ. ಆ ಮಾತು ಹೇಳಿದ ರೈತರು ಟೇಪಿನ ಇನ್ನೊಂದು ತುದಿ ಹಿಡಿದರು. ಅಳತೆ ಪುಸ್ತಕದಲ್ಲಿ ಬರೆದ ಉದ್ದ ಅಗಲ ಹೆಚ್ಚುಕಡಿಮೆ ಸರಿಯಿತ್ತು. ಆಳ ಮಾತ್ರ ಅರ್ಧಕ್ಕೂ ಬರಲಿಲ್ಲ. ಏರಿಯ ಮಗ್ಗುಲಲ್ಲಿ ಒಣಗಿದ ಎರೆಮಣ್ಣಿನ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಜೋಡಿಸಿದಂತೆ ಗೀರುಗಳಿದ್ದವು, ನಡುವೆ ಗೇಣುದ್ದದ ಅಂತರ. ಸಲಿಕೆ, ಗುದ್ದಲಿಯ ಏಟು ಹಾಗೆ ಬೀಳುವುದಿಲ್ಲ, ಅದು ಜೆಸಿಬಿ ಬಕೆಟ್ಟಿನ ಹಲ್ಲಿನ ಗುರುತು. ಎರೆಮಣ್ಣು ಒಣಗಿದರೆ ಕಲ್ಲಿನಂತೆ ಗಟ್ಟಿ, ಮಳೆ ಬಿದ್ದರೆ ಒಂದೇ ದಿನಕ್ಕೆ ಕರಗಿಹೋಗುತ್ತದೆ. ಅಂದಿನ ಪತ್ರಿಕೆಯನ್ನೂ ಟೇಪನ್ನೂ ಗೀರಿಗೆ ಒತ್ತಿ ಹಿಡಿದು ಫೋಟೊ ತೆಗೆದೆ. ಎರಡೇ ದಿನದಲ್ಲಿ ಮಳೆ ಬಂತು.

ಪಟ್ಟಿಯಲ್ಲಿದ್ದ ಹೆಸರುಗಳ ಮನೆಗೆ ಒಂದೊಂದಾಗಿ ಹೋದೆ. ಕೆಲವು ಬಾಗಿಲುಗಳಿಗೆ ಬೀಗ. ಅವರೆಲ್ಲ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಗುಳೆ ಹೋಗಿದ್ದರು. ಮನೆಯಲ್ಲಿದ್ದ ಒಬ್ಬ ಹಿರಿಯ ಹೆಣ್ಣುಮಗಳು ಬ್ಯಾಂಕಿನ ಪಾಸ್‌ಪುಸ್ತಕ ತೆಗೆದು ತೋರಿಸಿದರು. 1,854 ರೂಪಾಯಿ ಜಮೆ, ಅದೇ ವಾರ ಪೂರ್ತಿ ತೆಗೆದದ್ದು. ‘ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಬೆರಳು ಒತ್ತಿಸಿದರು. ನನಗೆ ಮುನ್ನೂರು ಕೊಟ್ಟರು, ಉಳಿದದ್ದು ಅವರೇ ಇಟ್ಟುಕೊಂಡರು. ಜಾಬ್ ಕಾರ್ಡ್ ಅವರ ಹತ್ತಿರವೇ ಇದೆ. ನನ್ನ ಹೆಸರು ಬರೆಯಬೇಡಪ್ಪಾ ತಮ್ಮಾ, ಇದೇ ಊರಲ್ಲಿ ಬಾಳಬೇಕು’ ಎಂದರು. ಅವರ ಹೆಸರು, ಓಣಿ, ವಯಸ್ಸು ಯಾವುದನ್ನೂ ಬರೆಯಲಿಲ್ಲ. ಪಾಸ್‌ಪುಸ್ತಕದ ಚಿತ್ರವನ್ನೂ ಹಾಕಲಿಲ್ಲ, ಖಾತೆ ಸಂಖ್ಯೆ ಮುಚ್ಚಿದರೂ ಹಣ ತೆಗೆದ ತಾರೀಖು ನೋಡಿಯೇ ಊರಿನವರು ಗುರುತು ಹಿಡಿಯುತ್ತಾರೆ. ಅಧಿಕಾರಸ್ಥರನ್ನು ಪ್ರಶ್ನಿಸುವ ಪತ್ರಕರ್ತ ಸಂಜೆಯ ಬಸ್ಸಿಗೆ ತನ್ನೂರಿಗೆ ಹೋಗುತ್ತಾನೆ. ಮಾಹಿತಿ ಕೊಟ್ಟವರು ಅದೇ ಓಣಿಯಲ್ಲಿ ನೀರು ಹಿಡಿಯಬೇಕು.

ಕೆಲಸ ಮಾಡಿಸಿದವರು ಆ ಭಾಗದ ಒಬ್ಬ ಮುಖಂಡರ ಹತ್ತಿರದ ಸಂಬಂಧಿಕರು. ಆ ಮುಖಂಡರ ಹುಟ್ಟುಹಬ್ಬಕ್ಕೆ ನಮ್ಮ ಪತ್ರಿಕೆಗೆ ಜಾಹೀರಾತು ತರುತ್ತಿದ್ದವನು ನಾನೇ. ಇದನ್ನು ಮುಚ್ಚಿಟ್ಟು ಈ ಅನುಭವ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ. ತಾಲ್ಲೂಕು ವರದಿಗಾರರಲ್ಲಿ ಬಹಳ ಮಂದಿಗೆ ಸುದ್ದಿಯಿಂದ ಬರುವ ಹಣ ಪೆಟ್ರೋಲಿಗೂ ಸಾಲದು, ಮನೆ ನಡೆಯುವುದು ಜಾಹೀರಾತಿನ ಕಮಿಷನ್‌ನಿಂದ. ಯಾರನ್ನು ಪ್ರಶ್ನಿಸಬೇಕೋ ಅವರ ಮುಂದೆಯೇ ದೀಪಾವಳಿಗೆ ಕೈಕಟ್ಟಿ ನಿಲ್ಲಿಸುವ ಈ ಏರ್ಪಾಡು ನಮ್ಮ ವೃತ್ತಿಯ ಬೇರಿಗೆ ಹತ್ತಿದ ಗೆದ್ದಲು. ಪ್ರತಿಕ್ರಿಯೆ ಕೇಳಲು ಹೋದಾಗ ಮುಖಂಡರು ಸಿಟ್ಟಾಗಲಿಲ್ಲ. ‘ನೀವು ನಮ್ಮವರೇ ಅಲ್ಲವೇನ್ರೀ? ಮಕ್ಕಳ ಓದು ಹೇಗಿದೆ?’ ಎಂದು ಕೇಳಿದರು. ಆ ಪ್ರಶ್ನೆಗೆ ಅಂಜಿದಷ್ಟು ನಾನು ಬೈಗುಳಕ್ಕೆ ಅಂಜಿದವನಲ್ಲ. ಅವರ ಉತ್ತರವನ್ನು ಒಂದು ಅಕ್ಷರ ಬಿಡದೆ ಬರೆದುಕೊಂಡೆ. ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು, ಕೊಟ್ಟ ದಿನ, ಹೊತ್ತು ಗುರುತು ಮಾಡಿಟ್ಟೆ. ಎಂಜಿನಿಯರ್ ‘ಅಳತೆ ಸರಿಯಾಗಿದೆ’ ಎಂದಷ್ಟೇ ಹೇಳಿದರು. ಅದನ್ನೂ ಬರೆದೆ.

ಪ್ರಕಟವಾದ ಸುದ್ದಿಯಲ್ಲಿ ಹೆಬ್ಬೆಟ್ಟಿನ ಮಾತೇ ಇರಲಿಲ್ಲ. ಆಳದ ಎರಡು ಅಳತೆ, ಬಕೆಟ್ಟಿನ ಹಲ್ಲಿನ ಚಿತ್ರ, ಗೋವಾದಲ್ಲಿದ್ದವರು ಫೋನಿನಲ್ಲಿ ಹೇಳಿದ್ದು, ಎರಡೂ ಕಡೆಯವರ ಉತ್ತರ, ಇಷ್ಟೇ. ವಕೀಲರ ನೋಟಿಸು ಬಂತು. ಆಗಿನ ದಂಡ ಸಂಹಿತೆಯ 499 ಮತ್ತು 500ನೇ ಕಲಂ, ಈಗ ಅದು ನ್ಯಾಯ ಸಂಹಿತೆಯ 356. ಕ್ರಿಮಿನಲ್ ಮಾನನಷ್ಟದಲ್ಲಿ ಬರೆದದ್ದು ಸತ್ಯ ಎಂದರಷ್ಟೇ ಸಾಲದು, ಅದನ್ನು ಬರೆದದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ನಕಲುಗಳ ಕಟ್ಟು ಸಂಪಾದಕರ ಮೇಜಿನ ಮೇಲಿತ್ತು, ಅವರು ಗಟ್ಟಿಯಾಗಿ ನಿಂತರು. ಉತ್ತರ ಹೋಯಿತು, ಮುಂದೆ ಏನೂ ಬರಲಿಲ್ಲ. ಜಾಹೀರಾತೂ ಬರಲಿಲ್ಲ. ಆ ದೀಪಾವಳಿ ನಮ್ಮ ಮನೆಯಲ್ಲಿ ಹೊಸ ಬಟ್ಟೆ ತರಲಿಲ್ಲ.

ಗ್ರಾಮಸ್ಥರು ಪತ್ರಿಕೆಯ ತುಣುಕಿನೊಂದಿಗೆ, ಉದ್ಯೋಗ ಖಾತರಿಯ ದೂರು ವಿಚಾರಿಸುವ ಜಿಲ್ಲೆಯ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟರು. ತನಿಖೆಗೆ ಬಂದವರು ಮೂಲ ಎನ್‌ಎಂಆರ್ ತರಿಸಿ ನೋಡಿದರು. ಕೆಲವು ತಿಂಗಳ ಮೇಲೆ ವಸೂಲಿ ಆದೇಶವಾಯಿತು, ಒಂದಿಷ್ಟು ಹಣ ಮರಳಿತು. ಮುಖಂಡರಿಗೆ ಏನೂ ಆಗಲಿಲ್ಲ. 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಮೊಬೈಲ್ ಆ್ಯಪಿನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಫೋಟೊದ ಫೋಟೊ ತೆಗೆದು ಹಾಕುವ ವಿದ್ಯೆಯನ್ನೂ ಜನ ಕಲಿತರು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕಾಯಿತು.

ಸುದ್ದಿ ಬಂದು ವರ್ಷ ತುಂಬುವ ಮುನ್ನ ಮತ್ತೆ ಆ ಊರಿಗೆ ಹೋದೆ. ಒಮ್ಮೆ ಬರೆದು ಕೈತೊಳೆದುಕೊಳ್ಳುತ್ತಾರೆ ಎಂಬುದು ಅಧಿಕಾರಸ್ಥರಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಮರಳಿ ಹೋಗುವುದನ್ನು ನಾನು ತಪ್ಪಿಸುವುದಿಲ್ಲ. ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು. ಆ ಹಿರಿಯ ಹೆಣ್ಣುಮಗಳು ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಜಾಬ್ ಕಾರ್ಡ್ ಇತ್ತು, ವಾಪಸ್ ಕೊಟ್ಟಿದ್ದರು. ಕೆಲಸದ ದಿನ ಬರೆಯುವ ಪುಟಗಳೆಲ್ಲ ಖಾಲಿ. ಜೊತೆಗೆ ಮಡಿಚಿಟ್ಟ ಒಂದು ನಮೂನೆ 6, ಕೆಲಸ ಕೇಳುವ ಅರ್ಜಿ.

‘ತಮ್ಮಾ, ಇದರಲ್ಲಿ ಏನೇನು ತುಂಬಬೇಕು?’ ಎಂದರು. ಅವರು ಹೇಳಿದ್ದನ್ನು ತುಂಬಿಕೊಟ್ಟೆ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗುತ್ತದೆ, ಅದಕ್ಕೆ ತಾರೀಖು ಹಾಕಿದ ಸ್ವೀಕೃತಿ ಪಡೆಯದೆ ಪಂಚಾಯಿತಿಯಿಂದ ಏಳಬೇಡಿ ಎಂದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರು. ಸಹಿ ಇದೆ, ತಾರೀಖು ಹಾಕಿಲ್ಲ ಎಂದರು. ನಾಳೆ ಮತ್ತೆ ಹೋಗುತ್ತೇನೆ, ಓಣಿಯ ಇನ್ನೂ ಆರು ಜನ ಜೊತೆಗೆ ಬರುತ್ತಾರೆ ಎಂದೂ ಹೇಳಿದರು.